ಪ್ರಳಯದ ಮರುದಿನದ ಇಡ್ಲಿ

ಕಳೆದ ಸೋಮವಾರ ರಾತ್ರಿ ಲೋಕ ಮುಳುಗುವುದಿತ್ತು. ನಿಮಗೆ ಗೊತ್ತಾಗಲಿಲ್ಲವೇ? ಕುರ್ಲಾದಲ್ಲಿ ಹೋಟೆಲ್ ನಡೆಸುವ ನನ್ನ ಭಾವನಿಗೆ ಮೊದಲೇ ಗೊತ್ತಿತ್ತು. ಅವರ ಅಡುಗೆಯ ಸಂಜೀವ ರಜೆ ಕೇಳುವ ಧಾಟಿಯಲ್ಲಿ ತಿಳಿಸಿದ್ದ. "ಸೋಮವಾರ ರಾತ್ರಿ ಪ್ರಳಯ ಉಂಟು ಧಣಿ. ಸಂಜೆ ಸ್ವಲ್ಪ ಬೇಗ ಹೋಗ್ತೇನೆ."

ಸಂಜೀವ ಉಡುಪಿ ಕಡೆಯವನು. ನನ್ನ ಅಕ್ಕ ಮದುವೆಯಾಗಿ ಮುಂಬಯಿಗೆ ಬರುವ ಮೊದಲೇ ಭಾವನ ಹೋಟೆಲಿನಲ್ಲಿ ಇಡ್ಲಿ ಬೇಯಿಸುತ್ತಿದ್ದ. (ಅಕ್ಕನಿಗೆ ಮೆತ್ತಗಿನ ಇಡ್ಲಿ ಕಲಿಸಿದವನೂ ಅವನೇ. ಇದನ್ನು ಅಕ್ಕನೆದುರು ಹೇಳಬೇಡಿ.) ಈಚೆಗೆ ಆಂಟಾಪ್ ಹಿಲ್‌ನ ಒಂದು ಹಾಲ್‌ನಲ್ಲಿ ಭಾನುವಾರ ನಡೆಯುವ ಸತ್ಸಂಗಕ್ಕೆ ಹೋಗಲು ಶುರು ಮಾಡಿದ್ದ. ಅಲ್ಲಿನ ಗುರುಗಳು ಲೋಕ ಮುಳುಗಲು ಸೋಮವಾರದ ಅಮಾವಾಸ್ಯೆಯ ಡೇಟ್ ಕೊಟ್ಟಿದ್ದರು.

ಯಾರೋ ಪೊಲೀಸರಿಗೆ ಕಂಪ್ಲೇಂಟ್ ಕೊಟ್ಟರು. ಆ ರಾತ್ರಿ ಭಕ್ತರೆಲ್ಲ ಏನಾದರೂ ಕುಡಿದು ಪ್ರಾಣ ಬಿಟ್ಟರೆ? ಸಂಜೀವನ ವಿಚಾರಣೆಗೆ ಒಬ್ಬ ಸಬ್ ಇನ್‌ಸ್ಪೆಕ್ಟರ್ ಹೋಟೆಲಿಗೇ ಬಂದರು. ಭಾವ ಮಲಾಡ್‌ನಲ್ಲಿದ್ದ ನನ್ನನ್ನು ಕರೆಸಿಕೊಂಡರು. (ಪೇಪರಿಗೆ ಬರೆಯುವವರನ್ನು ಕಂಡರೆ ಪೊಲೀಸರಿಗೆ ಭಯ ಎಂದು ನಂಬಿರುವ ಮುಂಬಯಿಯ ಕೊನೆಯ ಮನುಷ್ಯ ಅವರು.)

"ಖತರಾ ಕಿತನಾ ಹೈ?" ಅಪಾಯ ಎಷ್ಟರ ಮಟ್ಟಿಗಿದೆ ಎಂದು ಸಾಹೇಬರು ಕಾಫಿ ಹೀರುತ್ತ ಕೇಳಿದರು.

"ಬಹುತ್ ಹೈ ಸಾಬ್. ಮಂಗಲ್‌ವಾರ್ ಕೋ ಇಡ್ಲಿ ನಹೀ," ಎಂದರು ಭಾವ.

ಸಾಹೇಬರು ನಗಲಿಲ್ಲ. ಜಪ, ಗಡ್ಡ, ಬಿಳಿ ಬಟ್ಟೆ ನೋಡಿ ಅಪಾಯ ಅಳೆಯಬೇಡಿ, ಮರುದಿನಕ್ಕೆ ಅವನ ತಯಾರಿ ಏನಿದೆ ನೋಡಿ, ಏನೂ ಇಲ್ಲದಿದ್ದರೆ ಕೂಡಲೇ ಫೋನ್ ಮಾಡಿ ಎಂದರು. ಮಾತು ನನಗೆ ಸರಿ ಎನಿಸಿತು.

ಹೋಟೆಲಿನವರಿಗೆ ಮರುದಿನ ಅಂದರೇನು? ಉದ್ದು, ಅಕ್ಕಿ. ಮಧ್ಯಾಹ್ನ ನೆನೆಸಿ ಸಂಜೆ ರುಬ್ಬಿಟ್ಟರೆ ಬೆಳಿಗ್ಗೆ ಇಡ್ಲಿ. ಸೋಮವಾರ ಸಂಜೀವ ಉದ್ದು ನೆನೆಸುತ್ತಾನೋ ಇಲ್ಲವೋ? ತನಿಖೆ ಇಷ್ಟಕ್ಕೆ ಬಂದು ನಿಂತಿತು.

ಸೋಮವಾರ ಊಟದ ರಶ್ ಮುಗಿದ ಮೇಲೆ ನಾವಿಬ್ಬರೂ ಗಲ್ಲಾಪೆಟ್ಟಿಗೆಯ ಬಳಿ ಕೂತು ಅಡುಗೆಮನೆಯತ್ತ ಕಣ್ಣು ನೆಟ್ಟೆವು. ಭಾವನ ಮುಖ ಬಾಡಿತ್ತು. ಇಡ್ಲಿಯ ಚಿಂತೆಯಾ ಎಂದು ಕಿಚಾಯಿಸಿದೆ.

"ಇಡ್ಲಿ ಹಾಳಾಗಿ ಹೋಗ್ಲಿ ಮಾರಾಯ್ರೆ. ಅವನಿಗೆ ಎಂತಾದ್ರೂ ಆದ್ರೆ?"



ಸಂಜೀವ ಪಾತ್ರೆ ತೊಳೆದ. ಉದ್ದು ಅಳೆದು ಸುರಿದ. ನೀರು ಹಾಕಿದ. ಉದ್ದು ನೆನೆಸಿದ ಎಂದು ನಾನು ಸಾಹೇಬರಿಗೆ ಫೋನ್ ಮಾಡಿ ಹೇಳಿದೆ.

"ಭಿಗೋಯಾ? ಫಿರ್ ಟೆನ್ಷನ್ ನಹೀ," ಎಂದು ಫೋನ್ ಇಟ್ಟುಬಿಟ್ಟರು. ನಗರದ ಭದ್ರತೆ ಸ್ಟೀಲ್ ಪಾತ್ರೆಯಲ್ಲಿ ತಣ್ಣಗೆ ನೆನೆಯುತ್ತಿತ್ತು.

ಭಾವ ಮಾತ್ರ ಒಳಗೆ ಹೋಗಿ ಪಾತ್ರೆ ಇಣುಕಿದರು. "ಎಂತ ಸಂಜೀವ, ಅರ್ಧವೇ ಉಂಟಲ್ಲ?"

"ಸಾಕು ಧಣಿ. ಪ್ರಳಯ ಆದ್ಮೇಲೆ ನಮ್ಮ ಸತ್ಸಂಗದವರು ಮಾತ್ರ ಉಳಿಯುದು. ಬೆಳಿಗ್ಗೆ ಅವರಿಗೆ ತಿಂಡಿ ಬೇಕಲ್ಲ."

"ಮತ್ತೆ ನಾನು?"

ಸಂಜೀವ ಕೈ ಒರೆಸಿಕೊಂಡ. ಸುಳ್ಳು ಹೇಳಿ ಅವನಿಗೆ ಅಭ್ಯಾಸವಿಲ್ಲ. "ನೀವು ಇಲ್ಲ ಧಣಿ. ಒಂದು ಭಾನುವಾರ ಬನ್ನಿ ಅಂತ ಎಷ್ಟು ಸಲ ಕರ್ದೆ. ನೀವು ಬರ್ಲಿಲ್ಲ."

ಕೋಪವಿಲ್ಲ, ದ್ವೇಷವಿಲ್ಲ. ಬಹಳ ಪ್ರೀತಿಯಿಂದಲೇ ಹೇಳಿದ. ಭಾವ ಟೈಫಾಯ್ಡ್ ಬಂದು ಮಲಗಿದಾಗ ದಿನಾ ಗಂಜಿ ಮಾಡಿ ಮನೆಗೆ ಒಯ್ದುಕೊಟ್ಟ ಮನುಷ್ಯ, ಈಗ ಭಾವನನ್ನು ಬಿಟ್ಟು ಉದ್ದು ಅಳೆದಿದ್ದ. ಅಲ್ಲಿಯವರೆಗೆ ಎಲ್ಲವೂ ತಮಾಷೆಯಾಗಿ ಕಾಣುತ್ತಿದ್ದ ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ. ನಮ್ಮನ್ನು ದ್ವೇಷಿಸುವವರ ಮೇಲೆ ಕಣ್ಣಿಡಲು ಪೊಲೀಸರಿದ್ದಾರೆ. ಪ್ರೀತಿಸುತ್ತಲೇ ನಮ್ಮನ್ನು ಲೆಕ್ಕದಿಂದ ಬಿಡುವವರ ಬಗ್ಗೆ ಯಾವ ಠಾಣೆಗೆ ಹೋಗುವುದು?

ಮಂಗಳವಾರ ಬೆಳಿಗ್ಗೆ ಲೋಕ ಇತ್ತು. ಕುರ್ಲಾ ಸ್ಟೇಷನ್ನಿನ ನೂಕುನುಗ್ಗಲೂ ಇತ್ತು. ಇಡ್ಲಿ ಬೇಗ ಖಾಲಿಯಾಗಿ, ಆಫೀಸಿಗೆ ಹೊರಟ ಗಿರಾಕಿಗಳು ಭಾವನಿಗೆ ಚೆನ್ನಾಗಿ ಬಯ್ದರು. ಸಂಜೀವ ಎಂದಿನಂತೆ ಡ್ಯೂಟಿಗೆ ಹಾಜರಾಗಿದ್ದ. ಪ್ರಳಯ ಮುಂದಿನ ಅಮಾವಾಸ್ಯೆಗೆ ಹೋಗಿದೆಯಂತೆ.

"ಆಗ್ಲಿ ಮಾರಾಯ," ಎಂದರು ಭಾವ. "ಆ ಸಲ ನನ್ನ ಲೆಕ್ಕದಲ್ಲಿ ಒಂದು ಹಿಡಿ ಉದ್ದು ಜಾಸ್ತಿ ಹಾಕು."

ಸಂಜೀವ ತುಂಬ ಹೊತ್ತು ತಲೆ ಕೆರೆದುಕೊಂಡ.

"ಗುರುಗಳ ಹತ್ರ ಕೇಳಿ ಹೇಳ್ತೇನೆ ಧಣಿ."