ಬೈಯುವ ಸಿಸ್ಟರಮ್ಮ

ಸಿಸ್ಟರಮ್ಮನ ಬಾಯಿ ಕ್ಲಿನಿಕ್ಕಿನ ಗೇಟಿನವರೆಗೂ ಕೇಳುತ್ತಿತ್ತು. ರೋಗಿಗಳನ್ನು ಮನೆಮಕ್ಕಳಂತೆ ಬೈಯುತ್ತಲೇ, ಗೊತ್ತೇ ಆಗದಂತೆ ಸೂಜಿ ಚುಚ್ಚಿಬಿಡುವವಳು. ಹೊಸ ಡಾಕ್ಟರಮ್ಮ ಬಂದವರೇ ಸಿಬ್ಬಂದಿಗೆಲ್ಲ ಒಂದೇ ನಗು, ಒಂದೇ ನಯವಾದ ಮಾತು ಕಲಿಸಿದರು. ಸಿಸ್ಟರಮ್ಮ ಹಲ್ಲು ಕಚ್ಚಿಕೊಂಡು ಕಲಿತಳು.

ಮರುದಿನ ಸಕ್ಕರೆ ಕಾಯಿಲೆಯ ತಾತ ಬಂದ. "ಸರ್, ದಯವಿಟ್ಟು ಅಂಗಿ ತೋಳು ಮಡಚ್ತೀರಾ?" ಎಂದಳು.

ತಾತನ ಮುಖ ಬಿಳಿಚಿಕೊಂಡಿತು. ಸೀದಾ ಡಾಕ್ಟರಮ್ಮನ ಬಳಿ ಹೋಗಿ, "ನಿಜ ಹೇಳಿಬಿಡಿ ತಾಯಿ, ನಾನು ಉಳಿಯಲ್ವಾ? ಇವಳು ಇವತ್ತು ಬೈತಾನೇ ಇಲ್ಲ!" ಎಂದ.

ಡಾಕ್ಟರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ಸಿಸ್ಟರ್, ನಾನು ಕಲಿಸಿದ್ದು ಮರೆತುಬಿಡಿ. ಮೊದಲಿನ ಹಾಗೇ ಇರಿ."

"ಸಿಹಿ ಮುಟ್ಟಬೇಡ ಅಂದ್ರೆ ಕಿವಿಗೇ ಹಾಕ್ಕೊಳ್ಳಲ್ಲ, ಸಾಯೋ ಮಾತು ಬೇರೆ! ಬಾ ತಾತ, ಅಂಗಿ ತೋಳು ಮಡಚು!"

ತಾತನಿಗೆ ಹೋದ ಜೀವ ಬಂತು.

"ನೀವೂ ಅಷ್ಟೇ ಡಾಕ್ಟ್ರೇ, ಊಟದ ಹೊತ್ತು ಮೀರಿದೆ, ನಗ್ತಾ ಕೂತಿದ್ದೀರಿ!"

ಡಾಕ್ಟರಮ್ಮ ತೆಪ್ಪಗೆ ಡಬ್ಬಿ ಬಿಚ್ಚಿದರು.