ಒಳಮನೆ ತನಕ ವೈರು

ಮೊನ್ನೆ ಅರಸೀಕೆರೆಯಲ್ಲಿ ಒಂದು ಸುರುಳಿ ಮೈಕಿನ ವೈರಿಗೆ ಅಂಗಡಿಯವನು ಒಂಬೈನೂರು ಹೇಳಿದ. ನಾನು ಎರಡು ಸಲ ಮೆಟ್ಟಿಲಿಳಿದು, ಎರಡು ಸಲ ಕರೆಸಿಕೊಂಡು, ಆರುನೂರೈವತ್ತಕ್ಕೆ ತಂದೆ. ಮೊಮ್ಮಗಳ ಮದುವೆಗೆ ಬೇಕಿತ್ತು. ಮನೆಗೆ ಬಂದರೆ ಮೈಕ್ ಸೆಟ್ಟಿನ ಹುಡುಗ ನಕ್ಕುಬಿಟ್ಟ. "ಈಗ ವೈರೇ ಬೇಡ ತಾತ, ಮೈಕ್ ಕೈಲಿಟ್ಕೊಂಡು ಊರೆಲ್ಲಾ ತಿರುಗಬಹುದು." ಚೌಕಾಸಿಯಲ್ಲಿ ಗೆದ್ದು ವ್ಯಾಪಾರದಲ್ಲಿ ಸೋತವರು ನನ್ನಂಥವರು. ಆದರೂ ಹೊಸ ರಬ್ಬರಿನ ಆ ವಾಸನೆ ಮೂಗಿಗೆ ಬಡಿದಾಗ ಮಾದಿಹಳ್ಳಿಯ ಸಾಕಮ್ಮ ನೆನಪಾದಳು. ವೈರಿಗೆ ಕೊಟ್ಟ ದುಡ್ಡು ಅಲ್ಲಿಗೆ ವಸೂಲಾಯಿತು ಅನ್ನಿ.

ಅರವತ್ತರ ದಶಕದ ಮಾತು. ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಮೈಕ್ ಸೆಟ್ಟಿನ ಅಂಗಡಿ. ಒಂದು ಗ್ರಾಮಫೋನ್ ಪೆಟ್ಟಿಗೆ, ಕಾರಿನ ಬ್ಯಾಟರಿ, ತೆಂಗಿನಮರಕ್ಕೆ ಕಟ್ಟುವ ಲೌಡ್‌ಸ್ಪೀಕರಿನ ಹಾರನ್ನು, ಜೊತೆಗೆ ಒಂದಿಷ್ಟು ಹಾಡಿನ ಪ್ಲೇಟು. ಬಸ್ಸಿನ ಟಾಪಿನ ಮೇಲೆ ಇವನ್ನೆಲ್ಲ ಹೇರಿಕೊಂಡು ನಾನು ಇಳಿದರೆ ಮದುಮಗನಿಗಿಂತ ನನಗೇ ಹೆಚ್ಚು ಮರ್ಯಾದೆ.

ಆಗ ಸಿನಿಮಾ ಹಾಡುಗಾರರೆಂದರೆ ದೇವರಿಗಿಂತ ಒಂದೇ ಗೇಣು ಕೆಳಗೆ. ಗಂಡು ಹಾಡಿದರೆ ಹೆಣ್ಣು ಹಾಲಿನಂತೆ, ಮಲ್ಲಿಗೆಯಂತೆ, ಬೆಳದಿಂಗಳಂತೆ ಇರಲೇಬೇಕು. ಹೆಣ್ಣು ಹಾಡಿದರೆ ಗಂಡನ ಪಾದದ ಧೂಳಾಗಲೇಬೇಕು. ಕಪ್ಪು ಹುಡುಗಿಗೂ ಒಂದು ಹಾಡಿತ್ತು, ಹಾಸ್ಯದವನು ಅವಳನ್ನು ಕಂಡು ಓಡುವ ಹಾಡು. ನನಗೆ ಇದೆಲ್ಲ ಹೊಳೆದಿರಲಿಲ್ಲ. ಪ್ಲೇಟು ಸವೆಯದಿದ್ದರೆ ಸಾಕಾಗಿತ್ತು.

ಸಾಕಮ್ಮ ತನ್ನ ಅಪ್ಪ ಸಣ್ಣೇಗೌಡರ ಜೊತೆ ಅಂಗಡಿಗೆ ಬಂದಳು. ಮದುಮಗಳೇ ಮೈಕ್ ಗೊತ್ತುಮಾಡಲು ಬಂದದ್ದು ನಾನು ನೋಡಿದ್ದು ಅದೇ ಮೊದಲು. ಮೈಬಣ್ಣ ಚೆನ್ನಾಗಿ ಕಪ್ಪು, ಕಣ್ಣು ಅಷ್ಟೇ ಚುರುಕು. ಬಾಡಿಗೆಗೆ ಗೌಡರು ಒಪ್ಪಿದ ಮೇಲೆ ಅವಳು ಕೇಳಿದಳು:

"ವೈರು ಎಲ್ಲೀಗಂಟ ಬತ್ತೈತೆ?"

"ಚಪ್ಪರದ ಮುಂದಕ್ಕೆ ಬರುತ್ತಮ್ಮ. ಪುರೋಹಿತರು, ಯಜಮಾನರು ಕೂರೋ ಜಾಗಕ್ಕೆ."

"ಒಳಮನೆಗಂಟ ಬೇಕು."

"ಒಳಮನೇಲಿ ಯಾರಮ್ಮ ಭಾಷಣ ಮಾಡ್ತಾರೆ?"

"ಅದು ನಿಮಗ್ಯಾಕ್ರೀ? ವೈರು ತತ್ತೀರೋ, ಬೇರೆ ಅಂಗಡಿಗೆ ಹೋಗಾನೋ?"

ಗೌಡರು ಪಂಚೆ ಕೊಡವಿಕೊಂಡು ಎದ್ದೇಬಿಟ್ಟರು. ಮೆಟ್ಟಿಲಿಳಿಯುವ ವಿದ್ಯೆ ನಾನು ಕಲಿತದ್ದು ಆ ಮನೆತನದಿಂದಲೇ. ಹೊಸ ವೈರು ಕೊಂಡು ತರುತ್ತೇನೆಂದು ಒಪ್ಪಿದೆ.

ಮದುವೆಯ ದಿನ ಗೆಂಡೆಹಳ್ಳಿಯಿಂದ ಗಂಡಿನ ದಿಬ್ಬಣ ಬಂತು. ಗಂಡಿನ ಅಕ್ಕ ನಂಜಮ್ಮ ಇಳಿದವರೇ ನನ್ನ ಹತ್ತಿರ ಬಂದು, "ಆ ಹಾಲಿನಂಥ ಹೆಣ್ಣಿನ ಪ್ಲೇಟ್ ಹಾಕಪ್ಪ" ಎಂದರು. ಹಾಕಿದೆ. ಮುಗಿಯಿತು. "ಇನ್ನೊಂದ್ ಕಿತ ಹಾಕು. ನಮ್ ಹುಡುಗನ ನಸೀಬಲ್ಲಿ ಇಲ್ದಿದ್ರೂ ಕಿವೀಲಾದ್ರೂ ಬೀಳ್ಲಿ!" ದಿಬ್ಬಣದವರು ಗೊಳ್ಳೆಂದರು. ಸಣ್ಣೇಗೌಡರು ತಲೆ ತಗ್ಗಿಸಿ ವೀಳ್ಯದೆಲೆ ಒರೆಸುತ್ತಲೇ ಇದ್ದರು. ಮೂರನೆಯ ಸಲ ಹಾಡು ಶುರುವಾದಾಗ ಮಗಳು ಹಸೆಮಣೆಗೆ ಬರುತ್ತಾಳೋ ಇಲ್ಲವೋ ಎಂಬ ದಿಗಿಲು ಅವರ ಮುಖದ ಮೇಲೆ ಎದ್ದು ಕಾಣುತ್ತಿತ್ತು.

ಒಳಗಿಂದ ಸಾಕಮ್ಮನ ಅಜ್ಜಿ ಬಂದು, "ಪ್ಲೇಟ್ ನಿಲ್ಸಪ್ಪ. ಬಾಡಿಗೆ ಕೊಟ್ಟೋರು ನಾವು. ಮೈಕ್ ಒಳೀಕೆ ಕೊಡು" ಎಂದರು. ವೈರು ಹೊಸಿಲು ದಾಟಿ, ನಡುಮನೆ ದಾಟಿ, ಕತ್ತಲೆ ಕೋಣೆಯೊಳಗೆ ಹೋಯಿತು.

ನಮ್ಮ ಕಡೆ ಬೀಗರನ್ನು ಹಾಡಿನಲ್ಲಿ ಆಡಿಕೊಳ್ಳುವುದು ಹೆಂಗಸರ ಹಕ್ಕು. ಅದಕ್ಕೆ ಸಿಟ್ಟಾಗುವಂತಿಲ್ಲ, ಹಾಡಿಗೆ ಹಾಡೇ ಉತ್ತರ. ಆದರೆ ಆ ಹಾಡು ಒಳಮನೆಯ ಗೋಡೆ ದಾಟಿದ್ದಿಲ್ಲ. ಅವತ್ತು ತೆಂಗಿನಮರದ ತುದಿಯಿಂದ ಬಂತು:

"ಬಿಳಿ ಹೆಣ್ಣೆ ಚೆಲುವೆಂದು ಹಾಡುವ ಪಿಲೇಟು
ಒಳಗೂನು ಹೊರಗೂನು ಕರಿಬಣ್ಣ, ಬೀಗ್ತಮ್ಮ
ತಿಳಿಯದೆ ಕುಣಿಯಬ್ಯಾಡ."

ನಾನು ಬಗ್ಗಿ ಪೆಟ್ಟಿಗೆಯ ಮೇಲಿನ ಪ್ಲೇಟು ನೋಡಿದೆ. ಇಷ್ಟು ವರ್ಷ ಕೈಯಲ್ಲಿ ಹಿಡಿದು ಒರೆಸಿದವನು ನಾನು, ಅದರ ಬಣ್ಣ ಕಂಡದ್ದು ಆಗಲೇ!

ನಂಜಮ್ಮ ಮೇಲೆ ನೋಡಿ, "ಯಾರವ್ವ ಅದು?" ಎಂದರು.

"ಇನ್ಯಾರು? ನಿಮ್ಮನೆಗೆ ಬರೋಳು" ಎಂದರು ಅಜ್ಜಿ.

ಮದುಮಗಳು ಹಾಡುವುದುಂಟೆ? ಮದುಮಗ ಪೇಟದ ಕೆಳಗೆ ಕಿಸಕ್ಕನೆ ನಕ್ಕ. ನಂಜಮ್ಮ ಪೌಡರಿನ ಮುಖ ಸೆರಗಿನಲ್ಲಿ ಒರೆಸಿಕೊಂಡರು. ಪೌಡರಿನ ಕೆಳಗೆ ಅವರದೂ ನಮ್ಮ ಪ್ಲೇಟಿನ ಬಣ್ಣವೇ. ಸೀರೆ ಎತ್ತಿಕಟ್ಟಿ ನೇರ ಒಳಮನೆಗೆ ನಡೆದರು. ಜಗಳವೇ ಆಯಿತೆಂದು ನಾನು ಬ್ಯಾಟರಿ ಹಿಡಿದುಕೊಂಡು ಕುಳಿತೆ. ಹಾರನ್ನಿನಲ್ಲಿ ಒಂದು ಕೆಮ್ಮು ಕೇಳಿತು, ಆಮೇಲೆ ನಂಜಮ್ಮನ ದನಿ:

"ಕರಿಯಾಕೆ ಕಂಚಿನ ಕೊರಳೋಳು ಬಂದಾಳೊ
ಮರುಮಾತು ಹೇಳಬ್ಯಾಡ, ತಮ್ಮಯ್ಯ
ಮರೆಯಾಗೆ ಮೂಲೆ ಸೇರಯ್ಯ."

ಸಣ್ಣೇಗೌಡರು ತಲೆ ಎತ್ತಿ ನಕ್ಕರು. ಸಾಕಮ್ಮ ಹಸೆಮಣೆಗೆ ಬಂದಾಗ ಅವಳ ಪಕ್ಕದಲ್ಲಿ ನಂಜಮ್ಮನೇ ಇದ್ದರು. ಸಂಜೆವರೆಗೂ ಮೈಕು ಗಂಡಸರ ಕೈಗೆ ಸಿಗಲಿಲ್ಲ. ಪ್ಲೇಟುಗಳು ಪೆಟ್ಟಿಗೆಯಲ್ಲೇ ಮಲಗಿದ್ದವು.

ಇದನ್ನು ಮೈಕಿನ ಹುಡುಗನಿಗೆ ಹೇಳಿದೆ. ಅವನು ಎಲ್ಲ ಕೇಳಿ, ಮದುವೆಗೆಂದು ಆರಿಸಿಟ್ಟ ಹಾಡುಗಳನ್ನು ಫೋನಿನಲ್ಲಿ ಒಂದೊಂದಾಗಿ ಕೇಳಿಸಿದ. ಮೇಳ ಹೊಸದು, ಹುಡುಗಿ ಮಾತ್ರ ಇನ್ನೂ ಹಾಲಿನ ಬಣ್ಣದವಳೇ. ಅವನ ಮೈಕಿಗೆ ವೈರಿಲ್ಲ, ನಿಜ. ಆದರೆ ಹೋದ ಮದುವೆಗಳಲ್ಲೆಲ್ಲ ಅದು ಯಾರ ಕೈಯಲ್ಲಿತ್ತು ಎಂದು ಕೇಳಿದರೆ, "ಪುರೋಹಿತರ ಕೈಲಿ, ಯಜಮಾನರ ಕೈಲಿ ತಾತ" ಎಂದ.

ಅದಕ್ಕೇ ಹೇಳುತ್ತೇನೆ, ಕೇಳಿ. ಮದುವೆಗೆ ಮೈಕ್ ಗೊತ್ತುಮಾಡುವಾಗ ಬಾಡಿಗೆಯಲ್ಲಿ ಚೌಕಾಸಿ ಮಾಡಿ, ಹೂವಿನಲ್ಲಿ ಮಾಡಿ, ಬಾಳೆಎಲೆಯಲ್ಲಂತೂ ಬಿಡಲೇಬೇಡಿ. ಮುಂಗಡ ಕೊಡುವ ಮೊದಲು ಹಾಡಿನ ಮಾತನ್ನು ಒಮ್ಮೆ ಕಿವಿಗೊಟ್ಟು ಕೇಳಿ. ಆಮೇಲೆ ಮದುಮಗಳನ್ನು ಕರೆದು, ಮೈಕು ಎಲ್ಲಿಯವರೆಗೆ ಬರಬೇಕಮ್ಮ ಎಂದು ವಿಚಾರಿಸಿ. ಅವಳು ಹೇಳಿದ್ದಕ್ಕಿಂತ ಒಂದು ಮಾರು ಹೆಚ್ಚೇ ಇರಲಿ. ವೈರು ಬೇಕಾದರೆ ನನ್ನ ಹತ್ತಿರ ಒಂದು ಸುರುಳಿ ಇದೆ. ಎಂಟುನೂರು ಹೇಳುತ್ತೇನೆ, ನೀವು ಮೆಟ್ಟಿಲಿಳಿಯಿರಿ.