ಧಾರವಾಡ ದಾಟದ ಮುಳ್ಳು

ಅಪ್ಪ ತೀರಿಕೊಂಡ ಮ್ಯಾಲ ಅವನ ವಾಲ್ವ್ ರೇಡಿಯೋ ಮಾರಿ ಟೇಪ್ ರೆಕಾರ್ಡರ್ ತರೋಣಂತ, ಅದನ್ನ ಚಾದರದಾಗ ಸುತ್ಕೊಂಡು ಇಳಕಲ್ಲಿಂದ ಬಾಗಲಕೋಟಿಗೆ ಹೋದೆ. ಆ ರೇಡಿಯೋದ ಮುಳ್ಳು ಧಾರವಾಡಕ್ಕ ಬಂದು ನಿಂತುಬಿಡ್ತಿತ್ತು. "ಅದರಾಚಿ ಏನೂ ಇಲ್ಲ ಬಿಡು," ಅಂತಿದ್ದ ಅಪ್ಪ, ಮಗ್ಗದ ಕುಣಿಯಾಗ ಕುಂತು. ನಾವೂ ನಂಬಿದ್ವಿ.

ರಿಪೇರಿ ಅಂಗಡಿಯವರು ಹಿಂದಿನ ಹಲಗಿ ಬಿಚ್ಚಿ ನಕ್ಕರು. "ಯಾರ್ರೀ ಇದಕ್ಕ ಸೀರಿ ಉಡಿಸಿದವ್ರು?"

ಮುಳ್ಳು ಎಳಿಯೋ ದಾರ ಯಾವಾಗೋ ಹರದಿತ್ತಂತ ಕಾಣ್ತೈತಿ. ಅಪ್ಪ ಅದಕ್ಕ ಸೆರಗಿನ ಕೆಂಪು ರೇಷ್ಮಿ ಎಳಿ ಕೂಡಿಸಿ, ಮಗ್ಗದಾಗ ಹಾಕೋ ಗಂಟು ಹಾಕಿದ್ದ. ಆ ಗಂಟು ಗಾಲಿಗೆ ಸಿಕ್ಕು ಮುಳ್ಳು ನಿಲ್ತಿತ್ತು.

"ಇದನ್ನ ಕತ್ತರಿಸಿ ನೈಲಾನ್ ದಾರ ಹಾಕ್ತೇನ್ರಿ. ಮುಳ್ಳು ಕಡೀತನಕ ಓಡ್ತೈತಿ, ಗಿರಾಕಿನೂ ಬರ್ತಾರ," ಅಂತ ಕತ್ತರಿ ತಗೊಂಡ್ರು.

"ತಡೀರಿ," ಅಂದೆ.

"ಯಾಕ್ರಿ?"

ರೇಡಿಯೋನ ನನ್ನ ಕಡಿ ಎಳಕೊಂಡೆ. ಅಪ್ಪ ನೇಯ್ದ ಸೀರಿ ಎಲ್ಲಾ ಮಂದಿ ಮನಿ ಸೇರಿದ್ದವು. ನಮ್ಮ ಮನ್ಯಾಗ ಉಳಿದ ಅವನ ಕೈಗಂಟು ಇದೊಂದೇ.

ಅದೇ ಚಾದರದಾಗ ಸುತ್ಕೊಂಡು ಹೊಳ್ಳಿ ಬಂದೆ. ಟೇಪ್ ರೆಕಾರ್ಡರ್ ಎಲ್ಲೈತಿ ಅಂತ ಹೆಂಡತಿ ಎರಡು ದಿನ ಜಗಳಾಡಿದ್ಲು. ಈಗ ಮಗಳು, ಮುಳ್ಳು ಯಾಕ ಮುಂದ ಹೋಗೂದಿಲ್ಲಂತ ಕೇಳಿದ್ರ, "ಅದರಾಚಿ ಏನೂ ಇಲ್ಲ ಬಿಡು," ಅಂತೇನಿ.